ಮೇಲೆ ಹೋದವರ ಪಟ್ಟಿ

ಗುರುವಾರ ಬೆಳಿಗ್ಗೆ ಕಾರ್ಖಾನೆಯ ಹೊಸಿಲು ದಾಟುವಾಗ ಅಕ್ಕನಿಗೆ ಸಿಟ್ಟು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಆ ದಿನ ಹತ್ತೂಕಾಲಿಗೆ ನೆತ್ತಿಗೇರಿದ್ದು ಭಾನುವಾರದವರೆಗೂ ಇಳಿಯಲಿಲ್ಲ. ಆ ನಾಲ್ಕು ದಿನ ಅವಳನ್ನು ನೋಡಿದವರು ಈ ಹೆಂಗಸು ಹುಟ್ಟಿದ್ದೇ ಹೀಗೆ ಅಂದುಕೊಂಡಿದ್ದರೆ ತಪ್ಪು ಅವರದಲ್ಲ.

ಕಾರ್ಖಾನೆ ಎಂಬುದು ಬೋರ್ಡು ಬರೆದವನ ಉತ್ಸಾಹ. ಒಳಗಿದ್ದದ್ದು ಉದ್ದನೆಯ ಒಂದು ಕೋಣೆ, ಏಳು ಜನ, ಚರ್ಮ ಮತ್ತು ಅಂಟಿನ ವಾಸನೆ, ಮೂಲೆಯಲ್ಲಿ ಅಟ್ಟಕ್ಕೆ ಹೋಗುವ ಹದಿನಾಲ್ಕು ಮೆಟ್ಟಿಲಿನ ಕಡಿದಾದ ಏಣಿ. ಅಂಗಡಿಯಲ್ಲಿ ಸಿಗುವ ಜೋಡು ಯಾರ ಕಾಲಿಗೆ ಆಗುವುದಿಲ್ಲವೋ ಅವರಿಗೆ ಇಲ್ಲಿ ಬೂಟು ಹೊಲಿಯುತ್ತಿದ್ದರು. ಒಂದು ಕಾಲು ಗಿಡ್ಡ ಇರುವವರು, ಬೆರಳು ಕಳೆದುಕೊಂಡವರು, ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದವರು. ಒಬ್ಬೊಬ್ಬರ ಒಂದೊಂದು ಪಾದಕ್ಕೂ ಅದರದೇ ಮರದ ಅಚ್ಚು. ಚರ್ಮ ಎಳೆದು ಬೂಟು ಕಟ್ಟುವುದು ಆ ಅಚ್ಚಿಗೆ; ಕಾಲಿನ ಯಜಮಾನ ಎಲ್ಲೇ ಇರಲಿ, ಕಾಲು ಇಲ್ಲಿ ಗೋಡೆಯ ಗೂಡಿನಲ್ಲಿ ನಂಬರು ಹಚ್ಚಿಸಿಕೊಂಡು ಕೂತಿರುತ್ತಿತ್ತು. ಅಂಥವು ಎರಡು ಸಾವಿರದ ಮುನ್ನೂರು ಜೊತೆ. ಒಂದನೇ ನಂಬರು ಅಕ್ಕನದೇ. ಮಗಳ ಎಡಗಾಲಿಗೆ ಸರಿಯಾದ ಜೋಡು ಎಲ್ಲೂ ಸಿಗಲಿಲ್ಲವೆಂದು ಅಪ್ಪ ತಾನೇ ಮರ ಕೆತ್ತಲು ಕೂತದ್ದರಿಂದ ಶುರುವಾದ ಕಸುಬು ಇದು.

ಅಪ್ಪ ತೀರಿಕೊಂಡ ನಂತರ ಅಳತೆ ತೆಗೆಯುವ ಕೆಲಸ ಪೂರ್ತಿ ಅಕ್ಕನಿಗೆ ಬಂತು, ಯಜಮಾನ ಕೂರುವ ಗಾಜಿನ ಕೋಣೆ ತಮ್ಮನಿಗೆ ಹೋಯಿತು. ಅಚ್ಚು ಕೆತ್ತುವ ಮುದುಕ ಮಾತ್ರ ಇದ್ದಲ್ಲೇ ಇದ್ದ. ಅವನಿಗೆ ಬೇರೆ ಹೆಸರಿದ್ದದ್ದು ಅವನ ಹೆಂಡತಿಗೆ ಗೊತ್ತಿರಬಹುದು, ಉಳಿದವರಿಗೆಲ್ಲ ಅಚ್ಚಣ್ಣ. ಕಿವಿ ಸ್ವಲ್ಪ ಮಂದ, ಮಾತು ಇನ್ನೂ ಕಡಿಮೆ, ಕಾಗದದಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಪಾಲಿಸುವವನು.

ಅಕ್ಕ ಸೋಮವಾರದಿಂದ ಬುಧವಾರದವರೆಗೆ, ತಿಂಗಳ ಪದ್ಧತಿಯಂತೆ, ಆಸ್ಪತ್ರೆಯಲ್ಲಿ ಕೂತು ಹೊಸ ರೋಗಿಗಳ ಕಾಲಿನ ಅಳತೆ ತೆಗೆದು ಬಂದಿದ್ದಳು. ಚೀಲ ಮೇಜಿಗಿಟ್ಟು ಅಚ್ಚಣ್ಣನ ಕಡೆ ಕೂಗಿದಳು.

"ಅಚ್ಚಣ್ಣ, ನಾನೂರ ಹದಿನೆಂಟು ಕೊಡು. ಅಂಚೆಯಮ್ಮಂದು. ಮಧ್ಯಾಹ್ನ ಬರ್ತಾಳೆ, ಅಷ್ಟರಲ್ಲಿ ಚರ್ಮ ಎಳೆದಿರಬೇಕು."

ಅಚ್ಚಣ್ಣ ಅವಳನ್ನು ಆಗಿನಿಂದಲೂ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದ. ಈಗ ಕೈಯಲ್ಲಿದ್ದ, ಮರ ಉಜ್ಜುವ ಅರ ಕೆಳಗಿಟ್ಟು ಟೋಪಿ ತೆಗೆದ.

"ಅವ್ರು ಮೇಲೆ ಹೋದ್ರಲ್ಲಕ್ಕ."

"ಯಾರು ಮೇಲೆ ಹೋದ್ರು? ನಿನ್ನೆ ಸಾಯಂಕಾಲ ಫೋನ್ ಮಾಡಿ ಅರ್ಧ ಗಂಟೆ ನನ್ನ ತಲೆ ತಿಂದಿದ್ದಾಳೆ!"

"ಪಟ್ಟೀಲಿ ಬಂದಿದೆ. ಸೋಮವಾರದ ಪಟ್ಟಿ."

ಆಗ ಅಕ್ಕ ಗೋಡೆ ನೋಡಿದಳು. ಗೂಡುಗಳಲ್ಲಿ ಅರ್ಧಕ್ಕರ್ಧ ಖಾಲಿ.

ಇಲ್ಲಿ ಅಪ್ಪನ ಒಂದು ಮಾತಿನ ಸಂಗತಿ ಹೇಳಬೇಕು. ಗಿರಾಕಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಅಪ್ಪನಿಗೆ ಪುಸ್ತಕದಲ್ಲಿ ಹಾಗೆಂದು ಬರೆಯಲು ಕೈ ಬರುತ್ತಿರಲಿಲ್ಲ. ಹೆಸರಿನ ಮುಂದೆ 'ಮೇಲೆ' ಎಂದಷ್ಟೇ ಬರೆದು, ಅವರ ಅಚ್ಚಿನ ಜೊತೆಯನ್ನು ಎದೆಗವಚಿಕೊಂಡು ತಾನೇ ಅಟ್ಟಕ್ಕೆ ಇಟ್ಟು ಬರುತ್ತಿದ್ದರು. ಹೀಗೆ ಮನುಷ್ಯನೂ ಮೇಲೆ, ಅವನ ಕಾಲೂ ಮೇಲೆ. ಹೊಸ ಅಚ್ಚಿಗೆ ಮರ ಬೇಕಾದಾಗ ಅಚ್ಚಣ್ಣ ಅಟ್ಟದಿಂದ ಒಂದನ್ನು ಇಳಿಸಿ, ಸತ್ತವರ ದೊಡ್ಡ ಕಾಲನ್ನು ಬದುಕಿರುವವರ ಸಣ್ಣ ಕಾಲಾಗಿ ಕೆತ್ತುತ್ತಿದ್ದ. ಪುಸ್ತಕ ಹೋಗಿ ಕಂಪ್ಯೂಟರ್ ಬಂದಾಗಲೂ ಮಾತು ಅದೇ ಉಳಿಯಿತು. ಸೋಮವಾರಕ್ಕೊಮ್ಮೆ ಅಕ್ಕ ಆ ವಾರ 'ಮೇಲೆ' ಹೋದವರ ಪಟ್ಟಿ ತೆಗೆದು ಅಚ್ಚಣ್ಣನ ಮೊಳೆಗೆ ಸಿಕ್ಕಿಸುವಳು. ವಾರಕ್ಕೆ ಒಂದು ಹೆಸರು, ಹೆಚ್ಚೆಂದರೆ ಎರಡು.

ಈಗ ಮೊಳೆಯಲ್ಲಿ ನೇತಾಡುತ್ತಿದ್ದದ್ದು ಐವತ್ತು ಹಾಳೆಯ ಕಟ್ಟು.

"ಇಷ್ಟೊಂದು ಜನ ಒಟ್ಟಿಗೇ ಹೋದ್ರು ಅಂದ್ರೆ ನಿನಗೇನೂ ಅನ್ನಿಸಲಿಲ್ವೇನೋ?"

"ಅನ್ನಿಸದೆ ಏನಕ್ಕ. ಸೋಮವಾರ ಊಟ ಸೇರ್ಲಿಲ್ಲ."

"ಕೇಳಬಾರದಿತ್ತಾ?"

"ಸಾವಿನ ವಿಷಯ ಕೆದಕಿ ಕೇಳೋದು ಹೇಗೆ? ನಿಮ್ಮನ್ನಾದ್ರೂ ಕೇಳೋಣ ಅಂದ್ರೆ..." ಅಚ್ಚಣ್ಣ ಟೋಪಿಯ ಅಂಚು ತಿರುವಿದ. "ಮೊದಲನೇ ಹೆಸರೇ ನಿಮ್ಮದು. ಮೂರು ದಿನದಿಂದ ನೀವೂ ಕಾಣ್ಲಿಲ್ಲ. ಇಲ್ಲಿ ಯಾರೂ ಅಳ್ತಾ ಇರ್ಲಿಲ್ಲ, ಅದೊಂದು ನನಗೆ ಬೇಜಾರಾಯ್ತು. ಈಗ ನೀವು ಒಳಗೆ ಬಂದಾಗ ಎದೆ ಧಸಕ್ಕಂತು. ನಿಮ್ಮ ಅಚ್ಚು ಮಾತ್ರ ನಾನು ಮುಟ್ಟಲಿಲ್ಲಕ್ಕ. ಮನಸ್ಸು ಬರಲಿಲ್ಲ."

ಬೇರೆ ಹೊತ್ತಿನಲ್ಲಿ ಅಕ್ಕ ಇದಕ್ಕೆ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಆದರೆ ಅವಳ ಕಣ್ಣು ಅಚ್ಚಣ್ಣನ ಮಣೆಯ ಕಡೆ ಹೋಗಿತ್ತು. ಅಲ್ಲಿ ಅರ್ಧ ಕೆತ್ತಿದ ಒಂದು ಎಡಗಾಲು, ಪಕ್ಕದಲ್ಲಿ ಒಂದು ಹಿಡಿ ಮರದ ಹೊಟ್ಟು, ಹೊಟ್ಟಿನ ನಡುವೆ ಕಿತ್ತಿಟ್ಟ ಸಣ್ಣ ಸಣ್ಣ ಚರ್ಮದ ತುಂಡುಗಳು. ಆ ತುಂಡುಗಳು ಅವಳಿಗೆ ಗೊತ್ತು. ಕಾಗದ ಹಂಚುವ ಅಂಚೆಯಮ್ಮನ ಎಡಪಾದದಲ್ಲಿ ಮೂರು ಬೆರಳಿಲ್ಲ, ಹಿಮ್ಮಡಿ ಒಂದು ಬದಿಗೆ ವಾಲಿದೆ. ಅಪ್ಪ ಎರಡು ವರ್ಷದಲ್ಲಿ ಹನ್ನೊಂದು ಸಲ ಬೂಟು ತೊಡಿಸಿ ನೋಡಿ, ನೊಂದಲ್ಲೆಲ್ಲ ಅಚ್ಚಿಗೆ ಒಂದೊಂದು ತುಂಡು ಚರ್ಮ ಹೊಡೆದು, ಕೊನೆಗೆ ಹನ್ನೊಂದನೆಯ ಜೊತೆಯಲ್ಲಿ ಅವಳು ಮುಖ ಕಿವಿಚದೆ ನಡೆದಾಗ, ಕೂತಲ್ಲೇ ಕಣ್ಣೊರೆಸಿಕೊಂಡಿದ್ದರು.

"ಇಂಥವು ಎಷ್ಟಾದವು?"

"ಹೊಸ ಅಳತೆಗೆ ಹೊಂದೋ ದೊಡ್ಡವು ನೋಡಿ ತಗೊಂಡೆ. ಒಂಬತ್ತು."

"ಅರ ಮುಟ್ಟಬೇಡ," ಎಂದಳು ಅಕ್ಕ. "ನಾನು ಬರೋವರೆಗೆ ನಿನ್ನ ಕೈ ನಿನ್ನ ಮಡಿಲಲ್ಲಿರಲಿ."

ಗಾಜಿನ ಕೋಣೆಯಲ್ಲಿ ತಮ್ಮ ಹೊಸ ಪರದೆಯ ಮುಂದೆ ಕೂತು ತಾನೇ ಅದನ್ನು ಹೆತ್ತವನಂತೆ ನೋಡುತ್ತಿದ್ದ. ದಾಖಲೆಗಳನ್ನು ದೂರದ ಊರಿನ ಕಂಪ್ಯೂಟರುಗಳಲ್ಲಿ ಇಡುವ ಕ್ಲೌಡ್ ಎಂಬ ಮಾತು ಅವನ ಬಾಯಿಗೆ ಬಂದು ಆರು ತಿಂಗಳಾಗಿತ್ತು. ಅದನ್ನು ಮಾರಲು ಬಂದಿದ್ದವನಿಗೆ ಕೆಲಸದವರು ಮೋಡದವನು ಎಂದು ಹೆಸರಿಟ್ಟಿದ್ದರು. ಆತ ಬಂದಾಗೆಲ್ಲ ಗಾಜಿನ ಬಾಗಿಲು ಮುಚ್ಚುತ್ತಿತ್ತು.

"ಅಕ್ಕ, ಬಂದ್ಯಾ! ನೋಡಿಲ್ಲಿ, ಎಲ್ಲಾ ಮೇಲೆ ಹೋಯ್ತು! ಎರಡು ಸಾವಿರದ ಮುನ್ನೂರೂ. ಒಂದೇ ದಿನದಲ್ಲಿ."

"ನೋಡಿದೆ. ನಾನೂ ಹೋಗಿದ್ದೀನಂತೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಹಾಗೆಲ್ಲ ಕುರ್ಚಿ ಹಿಂದಕ್ಕೆ ಸರಿಯಿತು. ನಡೆದದ್ದಿಷ್ಟು. ಹಳೆಯ ಕಂಪ್ಯೂಟರಿನಿಂದ ಒಂದೊಂದು ಹೆಸರೂ ಕ್ಲೌಡಿಗೆ ಏರಿದ ಕೂಡಲೇ ಅದರ ಮುಂದೆ 'ಏರಿತು' ಎಂಬ ಗುರುತು ಬೀಳಬೇಕಿತ್ತು. ಗುರುತು ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದವನು ತಮ್ಮ. ಮೋಡದವನು 'ಮೇಲೇರಿಸಲಾಗಿದೆ' ಎಂದು ಹಾಕಿಕೊಟ್ಟ. ಅದು ಕಾಲಮಿನ ಅಗಲಕ್ಕೆ ಹಿಡಿಸಲಿಲ್ಲ. 'ಮೇಲೆ' ಎಂದು ಮೊಟಕು ಮಾಡಿದರು. ಯಾವ ಕಾಲಮಿನಲ್ಲಿ? ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಕಾಲಮ್ ಇತ್ತು, ಬಹುಪಾಲು ಖಾಲಿ, ಅಲ್ಲೊಂದು ಇಲ್ಲೊಂದು ಕಡೆ ಆಗಲೇ 'ಮೇಲೆ' ಎಂದು ಇತ್ತು. ಯಾರೋ ಹಿಂದೆಯೇ ಸ್ವಲ್ಪ ಏರಿಸಿದ್ದಾರೆ, ಇದು ಅದಕ್ಕೇ ಇರುವ ಜಾಗ ಎಂದುಕೊಂಡರು. ಸೋಮವಾರದ ಪಟ್ಟಿಯನ್ನು ಹೊಸ ವ್ಯವಸ್ಥೆ, ಯಾರಿಗೂ ತೊಂದರೆ ಕೊಡದೆ, ತಾನೇ ಮುದ್ರಿಸಿಬಿಟ್ಟಿತು.

"ಅಪ್ಪನ ಮಾತು ಕಣೋ ಅದು! ಅಪ್ಪ ಏಣಿ ಹತ್ತೋದನ್ನ ನೀನು ನೋಡೇ ಇಲ್ವಾ?"

"ನಾನು ಹಾಸ್ಟೆಲ್‌ನಲ್ಲಿದ್ದೆನಲ್ಲ."

"ಅಚ್ಚಣ್ಣನ್ನ ಒಂದು ಮಾತು ಕೇಳಿದ್ಯಾ? ನಾಲ್ಕು ಹೆಸರು ಹಾಕಿ ಏನಾಗುತ್ತೆ ನೋಡೋಣ ಅಂದ್ಯಾ?"

"ನಾಲ್ಕು ನಾಲ್ಕು ಹಾಕ್ತಾ ಕೂತರೆ ಯಾವಾಗ ಮುಗಿಯೋದು? ಆ ಕ್ಲೌಡಿನವನೂ ಒಂದೇ ಏಟಿಗೆ ಆಗುತ್ತೆ ಅಂದ."

"ಆಯ್ತಲ್ಲ, ಒಂದೇ ಏಟಿಗೆ! ಹಳೇ ಕಂಪ್ಯೂಟರ್ ಎಲ್ಲಿ?"

ತಮ್ಮ ಕಿಟಕಿಯ ಕಡೆ ನೋಡಿದ. ಕಿಟಕಿಯಾಚೆ ಬೀದಿ, ಬೀದಿಯಾಚೆ ಗುಜರಿಯವನ ಶೆಡ್ಡು. ಶೆಡ್ಡಿನ ಮುಂದೆ ಹಸಿರು ತಂತಿಗಳ ಕರುಳು ಹೊರಬಂದ ಒಂದು ಡಬ್ಬ.

"ಎರಡೆರಡು ಕಡೆ ಯಾಕೆ ಅಂತ..."

ಅಕ್ಕ ಮೋಡದವನಿಗೆ ಫೋನು ಹಚ್ಚಿಸಿದಳು. ಆತನ ದನಿಯಲ್ಲಿ ಒಂದು ಸುಕ್ಕೂ ಇರಲಿಲ್ಲ.

"ಮೇಡಂ, ನಿಮ್ಮ ಮಾಹಿತಿ ಸಂಪೂರ್ಣ ಸುರಕ್ಷಿತ. ಮೂರು ಊರಲ್ಲಿ ಮೂರು ಪ್ರತಿ ಇದೆ. ಭೂಕಂಪ ಆದ್ರೂ ಏನೂ ಆಗಲ್ಲ."

"ಭೂಕಂಪ ಇಲ್ಲೇ ಆಗಿದೆಯಪ್ಪ. ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ, ಅದು ಇದೆಯಾ?"

"ಆ ಕಾಲಮ್‌ನಲ್ಲಿ 'ಮೇಲೆ' ಅಂತಿದೆ ಮೇಡಂ. ಎಲ್ಲರಿಗೂ."

"ಅದಕ್ಕೆ ಮೊದಲು ಏನಿತ್ತು?"

"ಅದನ್ನ ಅಳಿಸಿ ಬರೆದಿರ್ತೀವಿ. ಹಳೇದು ನಿಮ್ಮ ಹತ್ರ ಇದ್ದೇ ಇರುತ್ತಲ್ಲ. ಅದನ್ನ ತೆಗೆಯಿರಿ ಅಂತ ನಾವು ಹೇಳೇ ಇಲ್ಲ."

"ಅದನ್ನ ತೆಗೀಬೇಡಿ ಅಂತ ಹೇಳಿದ್ರಾ?"

ಆಚೆ ಕಡೆ ಮೌನ. ಆ ಮೌನದ ಪ್ರತಿಯೂ ಮೂರು ಊರಿನಲ್ಲಿ ಸುರಕ್ಷಿತವಾಗಿ ದಾಖಲಾಗಿರಬೇಕು.

ನಾನೂರ ಹದಿನೆಂಟನ್ನು ತೆರೆಸಿದಳು. ಹತ್ತೊಂಬತ್ತು ಅಳತೆಗಳೂ ಅಚ್ಚುಕಟ್ಟಾಗಿ ಇದ್ದವು. ಕೊನೆಯಲ್ಲಿ, ಹನ್ನೊಂದು ಸಲದ ತಿದ್ದುಪಡಿ ಇರಬೇಕಾದ ಕಡೆ, ಅಕ್ಕನೇ ವರ್ಷಗಳ ಹಿಂದೆ ಒತ್ತಿದ್ದ ಎರಡು ಪದ: 'ಅಚ್ಚು ನೋಡಿ.'

"ನೋಡು," ಎಂದಳು ತಮ್ಮನಿಗೆ. "ಅಚ್ಚು ನೋಡು. ಹೋಗಿ ಹೊಟ್ಟಿನಲ್ಲಿ ಹುಡುಕು. ಒಂದು ಮಾತು, ಒಂದೇ ಒಂದು ಮಾತು ನನ್ನ ಕೇಳೋಕೆ ನಿನಗೇನಾಗಿತ್ತು ರೋಗ?"

ತಮ್ಮ ಈತನಕ ಗೋಣು ತಗ್ಗಿಸಿಯೇ ಕೂತಿದ್ದ. ಈಗ ಅವನ ಕಿವಿ ಕೆಂಪಾಯಿತು. ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ಅವಳ ಮುಂದಿಟ್ಟ.

"ಕೇಳಿದ್ದೆ."

ಹಾಳೆಯ ತಲೆಯಲ್ಲಿ 'ಪ್ರತಿ ಕಾಲಮ್ಮಿನ ಅರ್ಥವನ್ನು ದಯವಿಟ್ಟು ಬರೆಯಿರಿ' ಎಂದಿತ್ತು. ಕೆಳಗೆ ಇಪ್ಪತ್ತೆರಡು ಸಾಲು. ಇಪ್ಪತ್ತೆರಡರ ಮೇಲೂ ಮೂಲೆಯಿಂದ ಮೂಲೆಗೆ, ಪೆನ್ನು ಹಾಳೆ ಹರಿಯುವಷ್ಟು ಒತ್ತಿ, ಅಕ್ಕನ ಅಕ್ಷರ: 'ಗೊತ್ತಿರುವವರಿಗೆ ಗೊತ್ತಿದೆ.'

ಬರೆದ ದಿನ ನೆನಪಾಯಿತು. ಗಾಜಿನ ಬಾಗಿಲು ಮುಚ್ಚಿ ಒಳಗೆ ನಗು ಕೇಳಿಸುತ್ತಿತ್ತು. ಅಪ್ಪನ ಕಾಲದಲ್ಲಿ ಆ ಬಾಗಿಲೇ ಇರಲಿಲ್ಲ. ಅಪ್ಪನಿದ್ದಾಗಿನಿಂದ ಮೂವತ್ತು ವರ್ಷ ಕಾಲು ಹಿಡಿದು ಕೂತವಳಿಗೆ ಒಂದು ಹಾಳೆ ಕಳಿಸಿ ಅರ್ಥ ಬರೆಯಿರಿ ಅನ್ನುತ್ತಾರಲ್ಲ ಎಂದು ಮೈಯೆಲ್ಲ ಉರಿದಿತ್ತು. ಬರೆದು ಎಸೆದು, ಆಮೇಲೆ ಕರೆದ ಮೀಟಿಂಗಿಗೂ ಹೋಗದೆ ಕೂತಿದ್ದಳು.

ತನ್ನ ಮೇಲೆ ಬಂದ ಸಿಟ್ಟನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ಅಕ್ಕನಿಗೆ ತಿಳಿಯಲಿಲ್ಲ. ಆದ್ದರಿಂದ ಅದನ್ನೂ ತಮ್ಮನಿಗೇ ಬಟವಾಡೆ ಮಾಡಿದಳು.

"ಇದನ್ನ ಓದಿದ ಮೇಲಾದ್ರೂ ಎದ್ದು ಬಂದು ನನ್ನ ಜುಟ್ಟು ಹಿಡಿದು ಕೇಳಬೇಕಾಗಿತ್ತು! ಡ್ರಾಯರಿನಲ್ಲಿ ಇಟ್ಟುಕೊಂಡೆ, ಅಲ್ವಾ? ನಾಳೆ ತೋರಿಸೋಕೆ!"

"ನಿನ್ನ ಹತ್ರ ಬಂದು ಕೇಳೋ ಧೈರ್ಯ ಈ ಬೀದೀಲಿ ಯಾರಿಗಿದೆ ಹೇಳು?"

ಇದು ನಿಜವಾದ್ದರಿಂದ ಅಕ್ಕ ಇನ್ನಷ್ಟು ಕೆರಳಿದಳು. ಆದರೆ ಆ ಹೊತ್ತಿಗೆ ಹೊರಗಿನ ನೆಲದ ಮೇಲೆ ಅವಳಿಗೆ ಚೆನ್ನಾಗಿ ಗೊತ್ತಿದ್ದ ಹೆಜ್ಜೆ ಕೇಳಿಸಿತು. ಒಂದು ಭಾರ, ಒಂದು ಹಗುರ.

ಅಂಚೆಯಮ್ಮನದು ಗುಡ್ಡದ ಬೀದಿಗಳು. ಇಪ್ಪತ್ತು ವರ್ಷದಿಂದ ಅಲ್ಲಿನ ಮೆಟ್ಟಿಲುಗಳನ್ನು ಅಂಚೆ ಚೀಲ ಹೊತ್ತು ಹತ್ತಿಳಿದಿದ್ದಳು. ಹಳೆಯ ಬೂಟಿನ ತಳ ಸವೆದು ಮಂಡಿ ಊದಿ ಒಂದು ತಿಂಗಳು ರಜೆಯಲ್ಲಿದ್ದಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಮರಳಿ, ಮೇಲಧಿಕಾರಿಯ ಮುಂದೆ ತನ್ನ ಬೀದಿಗಳನ್ನು ನಡೆದು ತೋರಿಸಬೇಕು. ಕುಂಟಿದರೆ ಬೀದಿ ಬೇರೆಯವರಿಗೆ, ಅವಳಿಗೆ ಕಿಟಕಿಯ ಹಿಂದೆ ಮುದ್ರೆ ಒತ್ತುವ ಸ್ಟೂಲು. ಮಾತಾಡದೆ ಕೂರುವುದೆಂದರೆ ಅವಳಿಗೆ ಸೆರೆಮನೆ.

ಅಕ್ಕ ಸುತ್ತಿ ಬಳಸದೆ ನಡೆದದ್ದನ್ನೆಲ್ಲ ಹೇಳಿದಳು. ಅಂಚೆಯಮ್ಮ ಪರದೆಯಲ್ಲಿ ತನ್ನ ಹೆಸರನ್ನೂ ಅದರ ಪಕ್ಕದ ಮಾತನ್ನೂ ಓದಿದಳು.

"ಅಂದ್ರೆ ಸಾಹುಕಾರ್ರು ನನ್ನ ಸಾಯಿಸಿಬಿಟ್ರು."

"ಅದು ತಾಂತ್ರಿಕ..." ಎಂದ ತಮ್ಮ.

"ತಾಂತ್ರಿಕಾನೋ ಮಾಂತ್ರಿಕಾನೋ ನನಗ್ಯಾಕೆ? ನಾನು ಇಪ್ಪತ್ತು ವರ್ಷ ಕಾಗದ ಹಂಚಿದ್ದೀನಿ. 'ವಿಳಾಸದಾರರು ಇಲ್ಲ' ಅಂತ ಬರೆಯೋಕೆ ಮುಂಚೆ ಬಾಗಿಲು ತಟ್ಟಬೇಕು ಸ್ವಾಮಿ. ಮೂರು ಸಲ ತಟ್ಟಬೇಕು. ನೀವು ಎರಡು ಸಾವಿರ ಮನೆ ಬಾಗಿಲಲ್ಲಿ ಒಂದನ್ನಾದ್ರೂ ತಟ್ಟಿದ್ರಾ?"

ಅಂಚೆಯಮ್ಮ ಅಕ್ಕನ ಕಡೆ ತಿರುಗಿದಳು.

"ನನ್ನ ಸೋಮವಾರ ಏನು ಮಾಡ್ತೀರಿ ಈಗ? ಅದನ್ನ ಹೇಳಿ."

ದಾರಿ ಹೇಳಿದವನು ಅಚ್ಚಣ್ಣ. ಬೂಟು ಅಚ್ಚಿನ ಮೇಲೆ ಹುಟ್ಟಿದ್ದಾದರೆ, ಅಚ್ಚು ಬೂಟಿನ ಒಳಗೇ ಇದೆ, ಟೊಳ್ಳಾಗಿದೆ, ಅಷ್ಟೇ. ಅವಳ ಹಳೆಯ ಎಡಗಾಲಿನ ಬೂಟಿಗೆ ಜಿಪ್ಸಮ್ ಹಿಟ್ಟು ಕಲಸಿ ಸುರಿದು, ಗಟ್ಟಿಯಾದ ಮೇಲೆ ಬೂಟನ್ನು ಸೀಳಿ ತೆಗೆದರೆ ಅಪ್ಪ ಮಾಡಿದ ಕಾಲು ಸಿಗುತ್ತದೆ. ಅದನ್ನು ನೋಡಿಕೊಂಡು ಮರ ಕೆತ್ತುವುದು. ಬಲಗಾಲಿನ ಅಚ್ಚು ಹೇಗೂ ಅಟ್ಟದಲ್ಲಿ ಕ್ಷೇಮವಾಗಿತ್ತು.

"ಸೀಳಿ?" ಎಂದಳು ಅಂಚೆಯಮ್ಮ. "ಇರೋದು ಇದೊಂದೇ ಜೊತೆ. ಇದನ್ನೂ ಸೀಳಿ, ಹೊಸದು ಸರಿ ಬರ್ಲಿಲ್ಲ ಅಂದ್ರೆ ನಾನು ಮನೆಯಿಂದ ಬಸ್ ಸ್ಟಾಪಿಗೂ ನಡೆಯೋಕಾಗಲ್ಲ."

ಸುಳ್ಳು ಭರವಸೆ ಕೊಡದಷ್ಟು ಮರ್ಯಾದೆ ಆ ಕೋಣೆಯಲ್ಲಿ ಇನ್ನೂ ಉಳಿದಿತ್ತು. ಅಂಚೆಯಮ್ಮ ಸ್ಟೂಲಿನಲ್ಲಿ ಕೂತು ಬಗ್ಗಿ ಲೇಸು ಬಿಚ್ಚತೊಡಗಿದಳು, ಬೈಯುತ್ತಲೇ. ಬೂಟನ್ನು ಅಚ್ಚಣ್ಣನ ಕೈಗೆ ಕೊಡದೆ ಅಕ್ಕನ ಕೈಗೆ ಕೊಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ನಿಮ್ಮಪ್ಪನ ಹನ್ನೊಂದು ಸಲ ನಾನು ತಡ್ಕೊಂಡೆ," ಎಂದಳು. "ನಿಮಗೆ ಒಂದೇ ಸಲ."

ತಮ್ಮ ಅವಳನ್ನು ಮನೆಗೆ ಬಿಟ್ಟು ಬರಲು ಗಾಡಿಯ ಕೀಲಿ ಹುಡುಕಿದ. ಬರಿಗಾಲಿನ ಅಂಚೆಯಮ್ಮ ಅವನ ಹೆಗಲಿಗೆ ತನ್ನ ಪೂರಾ ಭಾರ ಹಾಕಿ ಬಾಗಿಲು ದಾಟಿದಳು. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹಾಕಿದಳು ಎಂಬುದು ಅಕ್ಕನ ಅಂದಾಜು.

ಅವನು ಹಿಂತಿರುಗಿದಾಗ ಅಕ್ಕ ಗಾಜಿನ ಕೋಣೆಯ ಬಾಗಿಲನ್ನು ಕೀಲಿನಿಂದ ಕಳಚಿ ಗೋಡೆಗೆ ಒರಗಿಸಿದ್ದಳು. ಮೇಜಿನ ಮೇಲೆ ಐವತ್ತು ಹಾಳೆಯ ಪಟ್ಟಿ, ಪಕ್ಕದಲ್ಲಿ ಫೋನು.

"ತಟ್ಟು," ಎಂದಳು. "ಎರಡು ಸಾವಿರದ ಮುನ್ನೂರು ಬಾಗಿಲು. ಕ್ಲೌಡೋ ಗಿಲೌಡೋ, ಇರಲಿ, ನಾನು ಬೇಡ ಅನ್ನಲ್ಲ. ಆದ್ರೆ ಬದುಕಿರೋರು ಯಾರು ಅಂತ ನೀನೇ ಕೇಳಿ, ನೀನೇ ತಿದ್ದಬೇಕು. ಆ ಮೋಡದವನಿಗೂ ಹೇಳು, ಶನಿವಾರ ಬಂದು ಅಚ್ಚಣ್ಣನ ಪಕ್ಕ ನೆಲದ ಮೇಲೆ ಕೂತ್ಕೋಬೇಕು. ಇಲ್ಲಿ ಯಾವ ಮಾತಿಗೆ ಯಾವ ಅರ್ಥ ಅಂತ ನಾನು ಹೇಳ್ತೀನಿ, ಅವನು ಬರ್ಕೋತಾನೆ. ಇಪ್ಪತ್ತೆರಡು ಸಾಲೂ."

"ಆಯ್ತಕ್ಕ. ಇನ್ನು ಮೇಲೆ..."

"ಆ ಮಾತು ಎತ್ತಬೇಡ!"

ಮೂರು ದಿನ ಕೋಣೆಯಲ್ಲಿ ಎರಡೇ ಸದ್ದು. ಒಂದು ಅಚ್ಚಣ್ಣನ ಅರದ್ದು. ಇನ್ನೊಂದು ತಮ್ಮನದು: "ನಮಸ್ಕಾರ, ಜೋಡಿನ ಕಾರ್ಖಾನೆಯಿಂದ. ಚೆನ್ನಾಗಿದ್ದೀರಾ? ಅಲ್ಲ, ಸುಮ್ನೆ ಅಲ್ಲ, ಇದ್ದೀರಾ ಅಂತ ತಿಳ್ಕೊಳ್ಳೋಕೆ." ಹಲವರು ಬೈದರು. ಒಬ್ಬ ನಿವೃತ್ತ ಮೇಷ್ಟರು ಮುಕ್ಕಾಲು ಗಂಟೆ ಮಾತಾಡಿ, ಹೀಗೆ ವಿಚಾರಿಸಿದವರು ಈಚೆಗೆ ಯಾರೂ ಇಲ್ಲವೆಂದು ಹೇಳಿ ಫೋನಿಟ್ಟರು. ಕೆಲವು ಮನೆಗಳಲ್ಲಿ ಫೋನೆತ್ತಿದವರು ಮಗನೋ ಸೊಸೆಯೋ ಆಗಿರುತ್ತಿದ್ದರು, ತಮ್ಮನ ದನಿ ಇಳಿಯುತ್ತಿತ್ತು. ಅವನು ಆ ಹೆಸರುಗಳ ಅಚ್ಚನ್ನು ಅಚ್ಚಣ್ಣನಿಗೆ ಹೇಳದೆ ತಾನೇ ಎತ್ತಿಕೊಂಡು ಏಣಿ ಹತ್ತಿದ್ದನ್ನು ಅಕ್ಕ ಓರೆಗಣ್ಣಿನಲ್ಲಿ ನೋಡಿದಳು. ಮೋಡದವನು ಶನಿವಾರ ಬಂದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹೊಟ್ಟಿನ ಮೇಲೆ ಕೂತು ಇಪ್ಪತ್ತೆರಡು ಸಾಲು ಬರೆದುಕೊಂಡ. ಅವಳ ಸಿಟ್ಟು ಇಳಿಯಲಿಲ್ಲ. ಅಚ್ಚಣ್ಣ ಕೆತ್ತಿಹಾಕಿದ್ದ ಒಂಬತ್ತು ಅಚ್ಚುಗಳಲ್ಲಿ ಎಂಟನ್ನು ಹೀಗೇ ಹಳೆಯ ಬೂಟಿನಿಂದ ಮರಳಿ ಪಡೆಯುವ ದಾರಿಯಿತ್ತು. ಒಂಬತ್ತನೆಯವರು ಹಳೆಯ ಬೂಟನ್ನು ಎಸೆದಾಗಿತ್ತು.

ಭಾನುವಾರ ಮಧ್ಯಾಹ್ನ ಅಂಚೆಯಮ್ಮ ಬಂದಳು. ಹೊಸ ಎಡಗಾಲಿನ ಬೂಟು ತೊಡಿಸಲು ಅಕ್ಕನೇ ನೆಲಕ್ಕೆ ಕೂತಳು. ನಾಲ್ಕು ಹೆಜ್ಜೆ ಇಟ್ಟ ಅಂಚೆಯಮ್ಮ ಮುಖ ಕಿವಿಚಿದಳು.

"ಹಿಮ್ಮಡಿ. ಹೊರಗಡೆ."

ಹೊಟ್ಟಿನಿಂದ ಹೆಕ್ಕಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಅಪ್ಪನ ಚರ್ಮದ ತುಂಡುಗಳಲ್ಲಿ ಅರ್ಧಚಂದ್ರದಂಥ ಒಂದನ್ನು ಅಚ್ಚಣ್ಣ ಎತ್ತಿದ. ಮರಕ್ಕೆ ಎರಡು ಮೊಳೆ, ಬೂಟಿಗೆ ಎರಡು ಗಂಟೆಯ ಕೆಲಸ. ಮತ್ತೆ ತೊಡಿಸಿದರು.

"ಇಲ್ಲಿ ಸಮನೆಲ," ಎಂದಳು ಅಂಚೆಯಮ್ಮ. "ನನ್ನದು ಗುಡ್ಡ."

ಸುತ್ತ ನೋಡಿ, ಯಾರನ್ನೂ ಕೇಳದೆ, ಮೂಲೆಯ ಏಣಿಗೆ ಕಾಲಿಟ್ಟಳು. ಒಂದು, ಎರಡು. ತಮ್ಮ ಕಿವಿಯಲ್ಲಿದ್ದ ಫೋನು ಇಳಿಸಿದ. ಏಳು, ಎಂಟು. ಅಕ್ಕ ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಆಲಿಸಿದಳು; ಭಾರ ಯಾವುದು ಹಗುರ ಯಾವುದು ಗೊತ್ತಾಗಲಿಲ್ಲ. ಹದಿನಾಲ್ಕಕ್ಕೆ ಅಂಚೆಯಮ್ಮ ಅಟ್ಟದ ಕತ್ತಲೆಯೊಳಗೆ ಮರೆಯಾದಳು. ಅಲ್ಲಿ ಕಾಲುಗಳ ಸಾಲಿನ ನಡುವೆ ಅತ್ತಿಂದಿತ್ತ ಎರಡು ಸಲ ಓಡಾಡಿದ್ದು ಕೇಳಿಸಿತು. ಆಮೇಲೆ, ಕೈಯಲ್ಲಿ ಕಂಬಿ ಹಿಡಿಯದೆ, ಇಳಿದು ಬಂದಳು.

ಮುಖದಲ್ಲಿ ಸುಕ್ಕಿರಲಿಲ್ಲ. ಆದರೆ ನಗುವೂ ಇರಲಿಲ್ಲ. ನೇರವಾಗಿ ಬಾಗಿಲಿಲ್ಲದ ಗಾಜಿನ ಕೋಣೆಗೆ ನಡೆದು, ತಮ್ಮನ ಮುಂದಿದ್ದ ಪರದೆಗೆ ಬೆರಳು ಚುಚ್ಚಿದಳು.

"ಬರ್ಕೊಳ್ಳಿ ಸಾಹುಕಾರ್ರೇ. ನಾನೂರ ಹದಿನೆಂಟು. ಮೇಲೆ ಹೋಗಿ, ಬೇಡ ಅನ್ನಿಸಿ, ವಾಪಸ್ ಬಂದಳು ಅಂತ. ಜಾಗ ಸಾಲದಿದ್ರೆ ಕಾಲಮ್ ಅಗಲ ಮಾಡಿ."

ತಮ್ಮ ಅಕ್ಕನ ಕಡೆ ನೋಡಿದ.

"ನನ್ನನ್ನೇನು ನೋಡ್ತೀಯ?" ಎಂದಳು ಅಕ್ಕ. "ಬರಿ."